ಪ್ಲಾಸಿಡೋನ ಲ್ಯಾಶಿಂಗು

ಹಗ್ಗ ಕಟ್ಟಲು ತನಗೆ ಬರುವುದಿಲ್ಲ ಎಂದು ಒಪ್ಪಿಕೊಂಡ ಗಂಡಸು ತಾಲಿಸಾಯ್ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ದೋಣಿಯ ಪಕ್ಕಕ್ಕೆ ಬಿದಿರಿನ ರೆಕ್ಕೆ ಕಟ್ಟುವವರಿದ್ದಾರೆ, ಹಂದಿಯ ಕಾಲು ಕಟ್ಟುವವರಿದ್ದಾರೆ, ಕಾಳಗದ ಹುಂಜದ ಕಾಲಿಗೆ ಕತ್ತಿ ಕಟ್ಟುವವರಿದ್ದಾರೆ. ಆದರೆ 'ಲ್ಯಾಶಿಂಗ್' ಮಾಡುವವನು ಇಡೀ ಊರಿಗೆ ಒಬ್ಬನೇ. ಅವನು ಪ್ಲಾಸಿಡೋ.

ಆ ಶಬ್ದವನ್ನು ಅವನು ಹಡಗಿನಿಂದ ತಂದಿದ್ದ. ಬೇರೆಯವರು ಹಡಗಿನಿಂದ ವಾಚು ತಂದರು, ಕಂಬಳಿ ತಂದರು, ತಗಡಿನ ಡಬ್ಬಿಯಲ್ಲಿ ಬಿಸ್ಕತ್ತು ತಂದರು. ಪ್ಲಾಸಿಡೋ ಒಂದು ಇಂಗ್ಲಿಷ್ ಮಾತು ತಂದ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ನೆಂಟರು ಹಂಚಿಕೊಳ್ಳುವುದೂ ಇಲ್ಲ. ದ್ವೀಪದಿಂದ ದ್ವೀಪಕ್ಕೆ ಸರಕು ಸಾಗಿಸುವ ಹಡಗಿನಲ್ಲಿ ಅವನು ಒಂದು ಮಳೆಗಾಲ ಪೂರ್ತಿ ದುಡಿದಿದ್ದ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ದೂರಕ್ಕೆ ನೋಡಿ, "ಡೆಕ್ಕಿನ ಮೇಲೆ" ಎನ್ನುತ್ತಿದ್ದ. ಇದು ಸುಳ್ಳಲ್ಲ. ಹಡಗಿನ ಅಡುಗೆಮನೆಗೆ ಬೇಕಾದ ಈರುಳ್ಳಿಯನ್ನು ಅವನು ಡೆಕ್ಕಿನ ಮೇಲೆ ಕೂತೇ ಸುಲಿಯುತ್ತಿದ್ದ. ಸುಲಿಯುತ್ತ ಸುಲಿಯುತ್ತ, ಸರಕಿನ ಪೆಟ್ಟಿಗೆಗಳನ್ನು ಹಗ್ಗ ಸರಪಳಿ ಹಾಕಿ ಬಿಗಿಯುವವರನ್ನು ನೋಡುತ್ತಿದ್ದ. ಹೀಗೆ ವಿದ್ಯೆ ಕಲಿತ. ಕಣ್ಣೀರಿನ ನಡುವೆ ನೋಡಿ ಕಲಿತ ವಿದ್ಯೆಯಲ್ಲಿ ಒಂದೆರಡು ಅಂಶ ಮಸುಕಾಗಿ ಉಳಿದರೆ ಅದು ಅವನ ತಪ್ಪಲ್ಲ, ಈರುಳ್ಳಿಯ ತಪ್ಪು.

"ಅದೇನಪ್ಪಾ ಲ್ಯಾಶಿಂಗು? ನಾವೂ ಕಟ್ಟಲ್ವಾ?" ಎಂದು ಅಂಗಡಿಯ ಬೆಂಚಿನ ಮೇಲೆ ತೆಂಗಿನ ಕಳ್ಳು ಹೀರುತ್ತ ಕೇಳಿದವನು ಕ್ರಿಸ್ಪುಲೋ. ಪ್ಲಾಸಿಡೋನ ಮಗಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡು ನಿಂತವನು. ಆ ನಂಟಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಪಾರೆ' ಎಂದೇ ಕರೆಯುತ್ತಿದ್ದರು, ಬೈಯುವಾಗಲೂ.

"ನೀವು ಹಾಕೋದು ಗಂಟು, ಪಾರೆ. ಗಂಟು ಇವತ್ತು ಹಾಕಿದ್ರೆ ನಾಳೆ ಬಿಚ್ಚುತ್ತೆ. ಲ್ಯಾಶಿಂಗ್ ಹಾಗಲ್ಲ. ಒಂದು ಸಲ ಲ್ಯಾಶಿಂಗ್ ಮಾಡಿದ್ರೆ ಆ ವಸ್ತುವಿಗೆ ತಾನು ಅಲ್ಲಾಡಬಹುದು ಅನ್ನೋ ಯೋಚನೇನೇ ಬರಬಾರದು."

"ವಸ್ತುವಿಗೆ ಯೋಚನೆ ಬರುತ್ತಾ?"

"ಸಮುದ್ರದ ಮೇಲೆ ಎಲ್ಲದಕ್ಕೂ ಬರುತ್ತೆ."

ಹುಟ್ಟಿದಾಗಿನಿಂದ ಸಮುದ್ರದಲ್ಲೇ ಇರುವ ಬೆಸ್ತರು, ಒಂದು ಮಳೆಗಾಲ ಸಮುದ್ರ ನೋಡಿಬಂದವನ ಮುಂದೆ ಬಾಯಿ ಮುಚ್ಚಿಕೊಂಡರು. ಇಂಗ್ಲಿಷ್ ಮಾತಿನ ಮಹಿಮೆ ಅಂಥದು.

ಅಂದಿನಿಂದ ಊರಿನಲ್ಲಿ ಎಲ್ಲವೂ ಲ್ಯಾಶಿಂಗ್ ಆಗತೊಡಗಿತು. ಬಾಣಂತಿಯರು "ಸೊಂಟಕ್ಕೆ ಬಟ್ಟೆ ಗಟ್ಟಿಯಾಗಿ ಲ್ಯಾಶಿಂಗ್ ಮಾಡೇ, ಹೊಟ್ಟೆ ಜೋತುಬಿದ್ದೀತು" ಎಂದರು. ಊರಿನ ಮುಖ್ಯಸ್ಥ ಕಪಿತಾನ್ ಎರ್ಮೋ ಸಭೆಯಲ್ಲಿ ಎದ್ದು ನಿಂತು "ನಮ್ಮ ಒಗ್ಗಟ್ಟನ್ನ ಲ್ಯಾಶಿಂಗ್ ಮಾಡೋಣ" ಎಂದು ಭಾಷಣ ಮಾಡಿದ. ಮಗಳ ಹುಟ್ಟುಹಬ್ಬಕ್ಕೆ ಪ್ಲಾಸಿಡೋ ತಾನೇ ಕೂತು ಅಂಟಕ್ಕಿಯ ಸುಮಾನ್ ಕಡುಬುಗಳನ್ನು ಬಾಳೆಲೆಯಲ್ಲಿ ಸುತ್ತಿ ಲ್ಯಾಶಿಂಗ್ ಮಾಡಿದ. ಬಿಚ್ಚಲಾಗದೆ ಅರ್ಧ ಜನ ಎಲೆಯ ಸಮೇತ ತಿಂದರು, ಉಳಿದವರು ಜೇಬಿಗೆ ಹಾಕಿಕೊಂಡು ಹೋದರು. ಆದರೂ ಯಾರೂ ಕೆಟ್ಟ ಮಾತಾಡಲಿಲ್ಲ. ಗಟ್ಟಿ ಕೆಲಸ ಎಂದರು.

ಅವನ ಅತ್ತೆ ಪಾಸ್ಯಾ ಮಾತ್ರ ಏನೂ ಹೇಳಲಿಲ್ಲ. ಹಡಗಿನಿಂದ ಬಂದ ಅಳಿಯ ಒಂದು ಬುಟ್ಟಿ ಈರುಳ್ಳಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಸುಲಿದಿಟ್ಟಿದ್ದನ್ನು ಆಕೆ ನೋಡಿದ್ದಳು. ನೋಡಿ, ಎಲೆಯಡಿಕೆಯ ರಸ ಉಗಿದು, ಸುಮ್ಮನಾಗಿದ್ದಳು. ಪಾಸ್ಯಾಳ ಮೌನ ಎಂದರೆ ಮಾತು ಮುಗಿಯಿತು ಎಂದಲ್ಲ, ಮಾತನ್ನು ಉಪ್ಪಿನಲ್ಲಿ ಹಾಕಿಟ್ಟಿದ್ದಾಳೆ ಎಂದರ್ಥ.

ಈ ಪಾಸ್ಯಾಳ ಮನೆ ಸಮುದ್ರದ ಬಾಯಲ್ಲಿತ್ತು. ಮೊದಲು ಹಾಗಿರಲಿಲ್ಲ. ಆಕೆ ಮದುವೆಯಾಗಿ ಬಂದಾಗ ಮನೆಗೂ ನೀರಿಗೂ ನಡುವೆ ತೆಂಗಿನ ತೋಪೇ ಇತ್ತು. ಸಮುದ್ರ ಒಂದೊಂದೇ ಮರ ತಿಂದು, ಈಗ ಮೆಟ್ಟಿಲ ಹತ್ತಿರ ಬಂದು ಬಾಯಿ ಚಪ್ಪರಿಸುತ್ತಿತ್ತು. ಗಂಡ ಫಾವುಸ್ತೋ ಬದುಕಿರುವಷ್ಟು ದಿನ, ದಡಕ್ಕೆ ಕಲ್ಲಿನ ಗೋಡೆ ಕಟ್ಟಿಸಿ ಎಂದು ಕಪಿತಾನನ ಬೆನ್ನು ಹತ್ತಿದ್ದ. ಗೋಡೆ ಬರಲಿಲ್ಲ, ಅವನೇ ಹೋದ. ಮಗಳು, ಪ್ಲಾಸಿಡೋನ ಹೆಂಡತಿ ಲೂಮಿಂಗ್, ವರ್ಷಗಟ್ಟಲೆ ಬೇಡಿಕೊಂಡಳು: "ಅಮ್ಮಾ, ಮನೇನೇ ಎತ್ಕೊಂಡು ನಮ್ಮ ಹಿತ್ತಿಲಿಗೆ ಬಾ." ಪಾಸ್ಯಾ ಒಪ್ಪಲಿಲ್ಲ. ಕೊನೆಗೆ ರೇಡಿಯೋದಲ್ಲಿ ದೊಡ್ಡ ಬಿರುಗಾಳಿ ಬರುತ್ತಿದೆ ಎಂದು ಸುದ್ದಿ ಬಂದಾಗ, ಹುಣ್ಣಿಮೆಯ ಉಬ್ಬರವೂ ಅದೇ ವಾರ ಎಂದು ಗೊತ್ತಾದಾಗ, ಮುದುಕಿ ಒಪ್ಪಿದಳು. ಅದೂ ಷರತ್ತಿನ ಮೇಲೆ.

"ಮನೆ ಮೊದಲ ಸಲಕ್ಕೇ ಎದ್ದರೆ ಬರ್ತೀನಿ. ಏಳಲಿಲ್ಲ ಅಂದ್ರೆ ಫಾವುಸ್ತೋಗೆ ಇಷ್ಟ ಇಲ್ಲ ಅಂತ ಅರ್ಥ. ಆಮೇಲೆ ನೀವೂ ಬೇಡ, ನಿಮ್ಮ ಬಿದಿರೂ ಬೇಡ."

"ಏಳುತ್ತೆ ಅಮ್ಮಾ. ಕಟ್ಟೋನು ನಾನು," ಎಂದ ಪ್ಲಾಸಿಡೋ.

"ಅದಕ್ಕೇ ಹೇಳಿದ್ದು," ಎಂದಳು ಪಾಸ್ಯಾ.

ಆ ರಾತ್ರಿ ಲೂಮಿಂಗ್ ಗಂಡನ ಅಂಗಿಯ ಗುಂಡಿ ಹಿಡಿದುಕೊಂಡು ಒಂದೇ ಮಾತು ಹೇಳಿದಳು: "ನನಗಿರೋಳು ಒಬ್ಬಳೇ ಅಮ್ಮ. ಏನಾದ್ರೂ ಎಡವಟ್ಟು ಮಾಡಿದ್ಯೋ, ಆ ಮನೇಲಿ ಅಮ್ಮನ ಜೊತೆ ಮುಳುಗೋಕೆ ನಾನೂ ಹೋಗ್ತೀನಿ. ನೀನು ಇಲ್ಲಿ ಕೂತು ಲ್ಯಾಶಿಂಗ್ ಮಾಡ್ಕೊ."

ಆ ಊರಿನಲ್ಲಿ ಮನೆ ಬದಲಿಸುವುದೆಂದರೆ ಮನೆಯನ್ನೇ ಹೊತ್ತುಕೊಂಡು ಹೋಗುವುದು. ಬಿದಿರಿನ ಗೋಡೆ, ತಾಳೆಗರಿಯ ಚಾವಣಿ, ಕಂಬದ ಮೇಲೆ ನಿಂತ ಹಗುರ ಮನೆ. ಕಂಬಗಳ ಬುಡದ ಮಣ್ಣು ಬಿಡಿಸಿ, ನೆಲಗಟ್ಟಿನ ಕೆಳಗೆ ಉದ್ದಕ್ಕೂ ಅಡ್ಡಕ್ಕೂ ದಪ್ಪ ಬಿದಿರು ತೂರಿಸಿ ಕಟ್ಟಿದರೆ, ಊರ ಗಂಡಸರೆಲ್ಲ ಹೆಗಲು ಕೊಟ್ಟು ಎತ್ತುತ್ತಾರೆ. ಕೂಲಿ ಎಂಬುದಿಲ್ಲ, ಹೊಟ್ಟೆ ತುಂಬ ಊಟ, ಅಷ್ಟೇ.

ಪ್ಲಾಸಿಡೋ ಹಿಂದಿನ ದಿನ ಬೆಳಗಿನಿಂದ ಸಂಜೆಯವರೆಗೆ ಅಬಾಕಾ ನಾರಿನ ಹಗ್ಗ ಹಿಡಿದು ದುಡಿದ. ಬಿದಿರಿಗೂ ಕಂಬಕ್ಕೂ ಹಾಕಿದ ಕಟ್ಟುಗಳನ್ನು ಕ್ರಿಸ್ಪುಲೋನೇ ಎಳೆದು ನೋಡಿ, "ಥೂ, ನಿಜವಾಗ್ಲೂ ಬಿಗಿಯಾಗಿದೆ ಕಣೋ ಪಾರೆ" ಎಂದು ಬೇಸರದಿಂದ ಒಪ್ಪಿಕೊಂಡ. ಸಂಜೆ ಎಲ್ಲರೂ ಹೋದ ಮೇಲೆ ಪ್ಲಾಸಿಡೋನಿಗೆ ಹಡಗಿನ ಕೊನೆಯ ಶಾಸ್ತ್ರ ನೆನಪಾಯಿತು. ಪೆಟ್ಟಿಗೆಯ ಸುತ್ತ ಎಷ್ಟೇ ಬಿಗಿದರೂ ಕಟ್ಟಕಡೆಗೆ ಒಂದು ದಪ್ಪ ಹಗ್ಗವನ್ನು ಡೆಕ್ಕಿನ ಕಬ್ಬಿಣದ ಬಳೆಗೆ ಹಾಕಿ ಜಗ್ಗುತ್ತಿದ್ದರು. ಅದಾದ ಮೇಲೆಯೇ ಮೇಸ್ತ್ರಿ ಕೈ ಒರೆಸಿಕೊಂಡು "ಆಯ್ತು" ಎನ್ನುತ್ತಿದ್ದ. ಇಲ್ಲಿ ಬಳೆ ಎಲ್ಲಿಂದ ತರುವುದು? ಮನೆಯ ಕೆಳಗೆ, ಕತ್ತಲಲ್ಲಿ, ಒಂದು ಮೋಟುಕಂಬವಿತ್ತು. ಹಿಂದಿನ ಯಾವುದೋ ಬಿರುಗಾಳಿಯಲ್ಲಿ ಹಾರಿಹೋದ ಹಳೆಯ ಮನೆಯದು. ಕೀಳಲಾಗದೆ ಫಾವುಸ್ತೋ ಅದನ್ನು ನಡುವೆ ಬಿಟ್ಟು ಮೇಲೆಯೇ ಹೊಸ ಮನೆ ಎಬ್ಬಿಸಿದ್ದ. ಪ್ಲಾಸಿಡೋ ನೆಲಗಟ್ಟಿನ ತೊಲೆಯಿಂದ ಆ ಮೋಟಿಗೆ ದಪ್ಪ ಹಗ್ಗ ಸುತ್ತಿ, ಕಾಲು ಒತ್ತಿ, ಹಲ್ಲು ಕಚ್ಚಿ, ಉಸಿರು ಕಟ್ಟಿ ಬಿಗಿದ. ಕೈ ಒರೆಸಿಕೊಂಡ. "ಆಯ್ತು" ಎಂದ.

ಹಡಗಿನಲ್ಲಿ ಸರಕನ್ನು ಬಿಗಿಯುವುದು ಅದು ಅಲ್ಲಾಡಬಾರದೆಂದು. ಇಲ್ಲಿ ಮನೆಯನ್ನು ಕಟ್ಟುವುದು ಅದು ಅಲ್ಲಾಡಲಿ ಎಂದು. ಈ ಸಣ್ಣ ವ್ಯತ್ಯಾಸ ಆ ಹೊತ್ತಿನಲ್ಲಿ ಅವನಿಗೆ ಹೊಳೆಯಲಿಲ್ಲ. ದೊಡ್ಡ ಕಸಬುದಾರರಿಗೆ ಸಣ್ಣ ಸಂಗತಿಗಳು ಹೊಳೆಯುವುದಿಲ್ಲ.

ಮಾರನೆಯ ಬೆಳಿಗ್ಗೆ ಊರೇ ಸೇರಿತು. ಲೂಮಿಂಗ್ ಮತ್ತು ಹೆಂಗಸರು ದೊಡ್ಡ ಪಾತ್ರೆಗಳಲ್ಲಿ ಅನ್ನ, ಹಂದಿಮಾಂಸದ ಹುಳಿಸಾರು ಕುದಿಯಲಿಟ್ಟರು. ಪಾಸ್ಯಾ ಮನೆ ಬಿಟ್ಟು ಇಳಿಯಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಸಂತ ಯೋಸೇಫನ ಮರದ ಪ್ರತಿಮೆ, ಪಕ್ಕದಲ್ಲಿ ಕಾವಿಗೆ ಕೂತ ಹೇಂಟೆ ಇಟ್ಟುಕೊಂಡು ಕೂತಳು. ಮನೆಯ ಸುತ್ತ ಜೋತುಬಿದ್ದ ಗಂಡನ ಹಳೆಯ ಬಲೆಗಳನ್ನು ತೆಗೆಯಲೂ ಬಿಡಲಿಲ್ಲ. "ನಾನೂ ಸಾಮಾನೇ. ಹೊರಿ," ಎಂದಳು.

ಕಪಿತಾನ್ ಎರ್ಮೋ ಮುಂದಿನ ಬಿದಿರಿಗೆ ಹೆಗಲು ಕೊಟ್ಟಂತೆ ನಿಂತ. ಹೆಗಲಿಗೂ ಬಿದಿರಿಗೂ ನಡುವೆ ಒಂದು ಕೋಳಿ ಹಾಯುವಷ್ಟು ಜಾಗವಿತ್ತು. ಪ್ಲಾಸಿಡೋ ಎತ್ತರದ ಕಲ್ಲಿನ ಮೇಲೆ ನಿಂತು ಕೈ ಎತ್ತಿದ.

"ಒಂದು! ಎರಡು! ಎತ್ರೋ!"

ಗಂಡಸರೆಲ್ಲ ಒಟ್ಟಿಗೆ ಹೂಂಕರಿಸಿದರು. ಬಿದಿರು ಕಿರುಗುಟ್ಟಿತು. ಕುತ್ತಿಗೆಯ ನರಗಳು ಉಬ್ಬಿದವು. ಯಾರದೋ ಚಡ್ಡಿಯ ಹೊಲಿಗೆ ಹರಿದ ಸದ್ದು ಎಲ್ಲರಿಗೂ ಕೇಳಿಸಿತು. ಮನೆ ಮಾತ್ರ ಪರೀಕ್ಷೆಗೆ ಓದದೆ ಬಂದ ಹುಡುಗನಂತೆ ಕೂತಲ್ಲೇ ಕೂತಿತ್ತು.

ಇಳಿಸಿದರು. ಇಳಿಸಲು ಎತ್ತಿದ್ದೇ ಇರಲಿಲ್ಲ, ಆದರೂ ಇಳಿಸಿದರು. ಅಲೆ ಬಂದು ಕಂಬದ ಬುಡ ನೆಕ್ಕಿ ಹೋಯಿತು. ಮನೆಯೊಳಗಿಂದ ಪಾಸ್ಯಾ "ಹ್ಮ್" ಎಂದಳು.

ಪ್ಲಾಸಿಡೋ ಬಲೆ ಸರಿಸಿ ಮನೆಯ ಕೆಳಗೆ ನುಗ್ಗಿದ. ಅಲ್ಲಿ ಅವನ ದಪ್ಪ ಹಗ್ಗ, ಉಪ್ಪುನೀರು ಕುಡಿದು ಇನ್ನಷ್ಟು ಉಬ್ಬಿ, ಮನೆಯನ್ನು ಭೂಮಿಗೆ ಹಿಡಿದುಕೊಂಡು ನಿಂತಿತ್ತು. ಅವನು ಅದನ್ನು ನೋಡಿದ. ಹಗ್ಗವೂ ಅವನನ್ನು ನೋಡಿದಂತಿತ್ತು. ಉಗುರು ಹಾಕಿ ಗಂಟು ಎಳೆದ. ಉಗುರು ಮುರಿಯಿತು.

"ಏನಾಯ್ತೋ ಪಾರೆ? ನಿನ್ನ ಕಟ್ಟು ಸಡಿಲಾಯ್ತಾ?" ಎಂದು ಕ್ರಿಸ್ಪುಲೋ ಹೊರಗಿನಿಂದ ಕೂಗಿದ. ಆ ದನಿಯಲ್ಲಿ ಜೇನು ತೊಟ್ಟಿಕ್ಕುತ್ತಿತ್ತು.

"ಇಲ್ಲ! ಎಲ್ಲಾ ಬಿಗಿಯಾಗೇ ಇದೆ!" ಎಂದ ಪ್ಲಾಸಿಡೋ. ಅಷ್ಟು ನಿಜವಾದ ಮಾತನ್ನು ಅವನು ಜೀವನದಲ್ಲಿ ಆಡಿರಲಿಲ್ಲ.

"ಹಾಗಾದ್ರೆ ಫಾವುಸ್ತೋ ಮಾವಂದೇ ಕೆಲಸ," ಎಂದು ಯಾರೋ ಹೇಳಿದರು.

ಪ್ಲಾಸಿಡೋ ಹೊರಬಂದು ನಿಜ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಊರ ಮದ್ದಿನಜ್ಜಿ ಸಿಲ್ವೇರಿಯಾ ಕೋಲೂರಿಕೊಂಡು ಮುಂದೆ ಬಂದಿದ್ದಳು. ಆಕೆ ಕಂಬಕ್ಕೆ ಕಿವಿ ಕೊಟ್ಟಳು, ಮರಳು ಮೂಸಿದಳು, ಕಣ್ಣು ಮುಚ್ಚಿದಳು.

"ಫಾವುಸ್ತೋ ಕೆಳಗೇ ಕೂತಿದ್ದಾನೆ. ತೊಲೆ ಹಿಡ್ಕೊಂಡಿದ್ದಾನೆ. ಯಾರೂ ಮನೆ ಕೆಳಗೆ ಹೋಗಬಾರದು ಈಗ!"

"ನಾನು ಈಗ ತಾನೇ ಹೋಗಿ ಬಂದೆ ಅಜ್ಜೀ," ಎಂದ ಪ್ಲಾಸಿಡೋ.

"ಅದಕ್ಕೇ ನಿನ್ನ ಮುಖ ಹಾಗೆ ಬಿಳುಚಿದೆ. ನೋಡಿದ್ಯಾ ಅವನನ್ನ?"

ಊರೆಲ್ಲ ಅವನ ಬಾಯಿ ನೋಡಿತು. ಲೂಮಿಂಗ್ ಸೌಟು ಹಿಡಿದು ನೋಡಿದಳು. ಕ್ರಿಸ್ಪುಲೋ ಮುಗುಳ್ನಗುತ್ತ ನೋಡಿದ. ಆ ನಗು ಒಂದಿಲ್ಲದಿದ್ದರೆ ಪ್ಲಾಸಿಡೋ ನಿಜ ಹೇಳಿಬಿಡುತ್ತಿದ್ದ.

"ಏನೋ... ಹಿಡ್ಕೊಂಡಿರೋ ಹಾಗಿತ್ತು," ಎಂದ.

"ಅಯ್ಯೋ ದೇವರೇ!" ಎಂದು ಹೆಂಗಸರು ಶಿಲುಬೆ ಗುರುತು ಹಾಕಿಕೊಂಡರು.

ಒಳಗಿನಿಂದ ಪಾಸ್ಯಾಳ ದನಿ ಬಂತು: "ಮೊದಲೇ ಹೇಳಿದ್ದೆ. ಹೋಗಿ, ಊಟ ಮಾಡ್ಕೊಂಡು ಮನೆಗೆ ಹೋಗಿ. ನಾನೂ ನನ್ನ ಗಂಡನೂ ಇಲ್ಲೇ ಇರ್ತೀವಿ."

"ನಾನೂ!" ಎಂದು ಲೂಮಿಂಗ್ ಸೌಟು ಬಿಸಾಡಿ ಮೆಟ್ಟಿಲ ಕಡೆ ಹೊರಟಳು. ಹೆಂಗಸರು ಆಕೆಯನ್ನು ಹಿಡಿದುಕೊಂಡರು. ಅಲೆ ಈ ಸಲ ಗಂಡಸರ ಪಾದದ ಮೇಲೆ ಹರಿಯಿತು. ಪಡುವಣದಲ್ಲಿ ಆಕಾಶ ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು.

"ಅವಸರ ಬೇಡ," ಎಂದಳು ಸಿಲ್ವೇರಿಯಾ. "ಸತ್ತವನು ಸುಮ್ಮನೆ ಹಟ ಹಿಡಿಯಲ್ಲ. ಅವನಿಗೆ ಅನ್ಯಾಯ ಮಾಡಿದೋರು ಬಿದಿರಿಗೆ ಹೆಗಲು ಕೊಟ್ಟಿದ್ದೀರಿ. ಬಾಯಿ ಬಿಟ್ಟು ಹೇಳಿ. ಹೇಳಿದ ಹಾಗೆಲ್ಲ ಭಾರ ಇಳಿಯುತ್ತೆ."

ಗಂಡಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಪಾದ್ರಿಯ ಕಿವಿಗೆ ಪಿಸುಗುಟ್ಟುವ ಪಾಪ ಬೇರೆ, ಹೆಂಡತಿಯರ ಎದುರಿಗೆ ಸಮುದ್ರತೀರದಲ್ಲಿ ಕೂಗಿ ಹೇಳುವ ಪಾಪ ಬೇರೆ. ಕೊನೆಗೆ, ಯಾರೂ ನಿರೀಕ್ಷಿಸದಿದ್ದಾಗ, ಕ್ರಿಸ್ಪುಲೋನ ಮುಗುಳ್ನಗು ಉದುರಿಬಿತ್ತು.

"ಮಾವಾ," ಎಂದ ಅವನು, ಮನೆಯ ಬುಡದ ಕಡೆ ತಿರುಗಿ. "ನಿನ್ನ ಕೆಂಪು ಹುಂಜ. ಅದನ್ನ ಹಾವು ಕಚ್ಚಲಿಲ್ಲ. ನಾನೇ... ಮೊದಲು ಸಾಲ ಅಂತ ತಗೊಂಡೆ. ಪಕ್ಕದೂರಿನ ಕಾಳಗಕ್ಕೆ ಬಿಟ್ಟೆ. ಅದು ಸೋತಿತು. ಆಮೇಲೆ ಸಾರು ಮಾಡಿದ್ವಿ."

"ಆವತ್ತು ನೀನು ನಮಗೂ ಒಂದು ಬಟ್ಟಲು ಸಾರು ತಂದುಕೊಟ್ಟೆ!" ಎಂದು ಮನೆಯೊಳಗಿಂದ ಪಾಸ್ಯಾ ಕಿರುಚಿದಳು. "ಅವರು ಚೆನ್ನಾಗಿದೆ ಅಂತ ಎರಡು ಸಲ ಹಾಕ್ಕೊಂಡ್ರು! ತಮ್ಮದೇ ಹುಂಜಾನ!"

"ನನ್ನ ಹೊಸ ಹುಂಜ ನಿಮಗೇ ಅತ್ತೇ, ತಗೊಳ್ಳಿ."

"ಬಿಳೀದಾ?"

"ಬಿಳೀದೇ."

"ಹ್ಮ್."

ಎತ್ತಿದರು. ಮನೆ ಏಳಲಿಲ್ಲ. ಆದರೆ ಹಿಂದಿನ ಬಿದಿರು ಹಿಡಿದವನು "ಸ್ವಲ್ಪ ಹಗುರ ಆಯ್ತು ಕಣ್ರೋ" ಎಂದ. ಅಷ್ಟು ಸಾಕಾಯಿತು. ಕಟ್ಟೆ ಒಡೆದಂತೆ ಪಾಪಗಳು ಹರಿದು ಬಂದವು. ಒಬ್ಬ ಫಾವುಸ್ತೋನ ಏಡಿಬುಟ್ಟಿಗಳನ್ನು ಎತ್ತಿ ನೋಡುತ್ತಿದ್ದನಂತೆ, ಏಡಿ ಇದ್ದರೆ ಬುಟ್ಟಿಯನ್ನು ಮಾತ್ರ ವಾಪಸು ಬಿಡುತ್ತಿದ್ದನಂತೆ. ಇನ್ನೊಬ್ಬ, ಫಾವುಸ್ತೋ ಹಾಡುವಾಗ ನಾಯಿಗಳು ಊಳಿಡಲೆಂದು ಬೇಲಿಯ ಹಿಂದೆ ಕೂತು ತಾನೇ ಮೊದಲು ಊಳಿಡುತ್ತಿದ್ದನಂತೆ. ಮತ್ತೊಬ್ಬ ಅವನ ಶವದ ಮುಂದೆ ಜಾಗರಣೆ ಮಾಡುತ್ತ ಇಸ್ಪೀಟಿನಲ್ಲಿ ಮೋಸ ಮಾಡಿದ್ದನಂತೆ. ಪ್ರತಿಯೊಂದು ಪಾಪಕ್ಕೂ ಒಂದು ಪ್ರಾಯಶ್ಚಿತ್ತ: ಒಂದು ಬುಟ್ಟಿ ಏಡಿ, ಒಂದು ಚಾಪೆ, ಒಂದು ಗೊನೆ ಬಾಳೆಹಣ್ಣು. ಪಾಸ್ಯಾ ಕಿಟಕಿಯಲ್ಲಿ ಕೂತು ಎಲ್ಲಕ್ಕೂ "ಹ್ಮ್" ಎಂದಳು. ಒಂದು ಸಲ ಮಾತ್ರ "ಚಾಪೆ ಎರಡು" ಎಂದಳು.

ನೀರು ಗಂಡಸರ ಮೊಣಕಾಲಿಗೆ ಬಂತು. ಪಾಪ ಮುಗಿದರೂ ಹಗ್ಗ ಮುಗಿಯುವುದಿಲ್ಲ ಎಂದು ಗೊತ್ತಿದ್ದವನು ಅವನೊಬ್ಬನೇ.

"ಅಜ್ಜೀ," ಎಂದ, "ಮಾವನಿಗೆ ಕಳ್ಳು ಅಂದ್ರೆ ಪ್ರಾಣ. ಯಾರಾದ್ರೂ ಕೆಳಗೆ ಹೋಗಿ ಒಂದು ಕರಟ ಕಳ್ಳು ಎರೆದು ಬಂದ್ರೆ? ನಾನೇ ಹೋಗ್ತೀನಿ. ಅಳಿಯನಿಗೆ ಏನೂ ಮಾಡಲ್ಲ ಅವರು."

ಸಿಲ್ವೇರಿಯಾ ಯೋಚಿಸಿದಳು. "ಹೋಗು. ಆದ್ರೆ ಬೆನ್ನು ತೋರಿಸಬೇಡ. ಮಾತಾಡಿಸಿದ್ರೆ ಉತ್ತರ ಕೊಡು."

"ಎಂಥಾ ಅಳಿಯ!" ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಒಂದು ಕೈಯಲ್ಲಿ ಕರಟ ಹಿಡಿದು, ಸೊಂಟದ ಮಚ್ಚನ್ನು ಅಂಗಿಯೊಳಗೆ ಮುಚ್ಚಿಕೊಂಡು, ವೀರ ಅಳಿಯ ಬಲೆಯ ಹಿಂದೆ ಮರೆಯಾದ.

ಕೆಳಗೆ ಹಸಿರುಗತ್ತಲೆ. ನೀರು ತೊಡೆಯವರೆಗೆ. ಪ್ಲಾಸಿಡೋ ಮಚ್ಚು ತೆಗೆದು ಹಗ್ಗದ ಮೇಲಿಟ್ಟ.

"ಪ್ಲಾಸಿಡೋ," ಎಂದಿತು ಒಂದು ದನಿ, ತಲೆಯ ಮೇಲಿಂದ.

ಕರಟ ಕೈಜಾರಿ ತೇಲಿಹೋಯಿತು. "ಮಾ... ಮಾವಾ?"

"ಮಾವ ಅಲ್ಲ, ಅತ್ತೆ. ಮೇಲೆ ನೋಡು."

ನೆಲದ ಬಿದಿರು ಪಟ್ಟಿಗಳ ಸಂದಿಯಲ್ಲಿ ಒಂದು ಕಣ್ಣು ಕಾಣಿಸಿತು. ಪಕ್ಕದ ಸಂದಿಯಲ್ಲಿ ಹೇಂಟೆಯ ಕಣ್ಣು.

"ಏನು ಮಾಡ್ತಿದ್ದೀಯ?"

"ಪ್ರಾರ್ಥನೆ ಅಮ್ಮಾ."

"ಮಚ್ಚು ಹಿಡ್ಕೊಂಡಾ?"

ಅವನು ಮಚ್ಚನ್ನು ಬೆನ್ನ ಹಿಂದೆ ಹಿಡಿದುಕೊಂಡ. ನೀರು ಮೋಟುಕಂಬಕ್ಕೆ ತಟ್ಟಿ ತಟ್ಟಿ ಸದ್ದು ಮಾಡಿತು.

"ನಿನ್ನೆ ಸಂಜೆ ನೀನು ಕಟ್ಟುವಾಗ್ಲೇ ನೋಡ್ದೆ," ಎಂದಳು ಪಾಸ್ಯಾ, ದನಿ ತಗ್ಗಿಸಿ. "ನೆಲಕ್ಕೆ ಯಾಕಪ್ಪಾ ಕಟ್ಟಿಹಾಕ್ತಿದ್ದಾನೆ ಅಂತ ಅಂದ್ಕೊಂಡೆ. ಬೆಳಿಗ್ಗೆ ಬಿಚ್ಚುತ್ತಾನೆ, ಹಡಗಿನ ವಿದ್ಯೆ ಇರಬಹುದು, ಮುದುಕಿಗೇನು ಗೊತ್ತು ಅಂತ ಸುಮ್ಮನಿದ್ದೆ."

"ಬೆಳಿಗ್ಗೆ ಮನೆ ಏಳದೆ ಹೋದಾಗಲಾದ್ರೂ ಒಂದು ಮಾತು ಹೇಳಬಾರದಿತ್ತಾ ಅಮ್ಮಾ?"

"ಹೇಳೋಣ ಅಂತ ಬಾಯಿ ತೆಗ್ದೆ. ಅಷ್ಟರಲ್ಲಿ ಕ್ರಿಸ್ಪುಲೋ ಹುಂಜದ ಮಾತೆತ್ತಿದ. ಆಮೇಲೆ ಹೇಗೆ ಹೇಳಲಿ?"

"ನೀರು ಬರ್ತಾ ಇದೆ ಅಮ್ಮಾ! ನಿಮ್ಮ ಜೊತೆ ಅವಳೂ ಮುಳುಗ್ತಾಳಂತೆ. ಕತ್ತರಿಸಿಬಿಡ್ತೀನಿ. ಬೇಕಾದ್ರೆ ಹೊರಗೆ ಹೋಗಿ ಎಲ್ಲರ ಮುಂದೆ ನನ್ನದೇ ತಪ್ಪು ಅಂತ ಹೇಳ್ತೀನಿ, ಕ್ರಿಸ್ಪುಲೋ ನಕ್ಕರೆ ನಗಲಿ, ನೀವು ಇಲ್ಲಿಂದ ಬನ್ನಿ ಸಾಕು!"

ಸಂದಿಯ ಕಣ್ಣು ಮಿಟುಕಿತು.

"ಹಾಗಾದ್ರೆ ನೀನು ಪೂರ್ತಿ ದಡ್ಡ ಅಲ್ಲ," ಎಂದಳು ಪಾಸ್ಯಾ. "ನನಗೇನು ಮೀನಿನ ಜೊತೆ ಮಲಗೋ ಆಸೇನಾ? ಬರ್ತೀನಿ. ಆದ್ರೆ ಈಗಲೇ ಕತ್ತರಿಸಬೇಡ. ಕಪಿತಾನ್ ಇನ್ನೂ ಬಾಯಿ ಬಿಟ್ಟಿಲ್ಲ. ನಾನು ಕೆಮ್ಮಿದಾಗ ಕತ್ತರಿಸು."

ಹೊರಗೆ ಸಿಲ್ವೇರಿಯಾಳ ಕೋಲು ಕಪಿತಾನ್ ಎರ್ಮೋನ ಹೊಟ್ಟೆಗೆ ತಾಗಿ ನಿಂತಿತ್ತು. ಎಲ್ಲರದೂ ಆಗಿತ್ತು, ಅವನದೊಂದೇ ಬಾಕಿ.

"ನಾನು ಸಾರ್ವಜನಿಕ ಸೇವಕ," ಎಂದ ಕಪಿತಾನ್. "ನನ್ನ ಮನಸ್ಸು ಈ ಸಮುದ್ರದ ಹಾಗೆ ತಿಳಿ."

ಸಮುದ್ರ ಆಗ ಸಗಣಿ ಕದಡಿದ ಬಣ್ಣದಲ್ಲಿತ್ತು. ಒಂದು ದೊಡ್ಡ ಅಲೆ ಬಂದು ಅವನನ್ನು ಸೊಂಟದವರೆಗೆ ತೋಯಿಸಿ, ಒಂದು ಚಪ್ಪಲಿ ಕಿತ್ತುಕೊಂಡು ಹೋಯಿತು.

"ಮೊದಲು ಚಪ್ಪಲಿ," ಎಂದಳು ಸಿಲ್ವೇರಿಯಾ. "ಆಮೇಲೆ ಏನೇನು ಕೇಳ್ತಾನೋ ಫಾವುಸ್ತೋ."

ಇದೇ ಹೊತ್ತಿಗೆ ಮನೆಯ ಕೆಳಗೆ ಒಂದು ಸಣ್ಣ ಏಡಿ ಪ್ಲಾಸಿಡೋನ ಕಾಲ್ಬೆರಳು ಹಿಡಿಯಿತು. ಕೂಗುವಂತಿರಲಿಲ್ಲ. ಬಾಯಿಗೆ ಅಂಗಿ ತುರುಕಿಕೊಂಡು ಅವನು "ಹೂಂ... ಹೂಂಂಂ" ಎಂದು ಗಂಟಲಲ್ಲೇ ನರಳಿದ.

ನರಳಾಟ ನೆಲದೊಳಗಿನಿಂದ ಬಂದಂತೆ ಎಲ್ಲರಿಗೂ ಕೇಳಿಸಿತು. ಗಂಡಸರು ಹಿಂದೆ ಸರಿದರು. ಕಪಿತಾನ್ ನೀರಿನಲ್ಲೇ ಮೊಣಕಾಲೂರಿದ.

"ಕಲ್ಲು! ಕಲ್ಲು ಫಾವುಸ್ತೋ! ದಡದ ಗೋಡೆಗೆ ಅಂತ ಕಲ್ಲು ಬಂದಿತ್ತು! ಬಂದಿತ್ತು ಕಣಪ್ಪಾ! ಲಾರಿ ತುಂಬ ಬಂದಿತ್ತು! ನಮ್ಮ ಹಂದಿಗೂಡಿನ ನೆಲ ಕೆಸರಾಗಿತ್ತು, ಸ್ವಲ್ಪ ಹಾಕೋಣ ಅಂದ್ಕೊಂಡೆ... ಹಂದಿಗಳಿಗೆ ಇಷ್ಟ ಆಯ್ತು... ಪೂರ್ತಿ ಹಾಕಿಬಿಟ್ಟೆ!"

ತಮ್ಮ ತಮ್ಮ ಅಂಗಳಗಳನ್ನು ಸಮುದ್ರಕ್ಕೆ ಕಳೆದುಕೊಂಡವರೆಲ್ಲ ಕಪಿತಾನನ ಬೆನ್ನು ನೋಡಿದರು.

"ಹಂದಿಗಳು ಕಲ್ಲಿನ ಮೇಲೆ," ಎಂದ ಕ್ರಿಸ್ಪುಲೋ ನಿಧಾನವಾಗಿ. "ನಾವು ನೀರಿನ ಮೇಲೆ."

"ತಂದು ಹಾಕ್ತೀನಿ! ಬಿರುಗಾಳಿ ಕಳೆದ ಮಾರನೇ ದಿನಾನೇ, ನನ್ನ ಕೈಯಾರೆ, ಒಂದೊಂದು ಕಲ್ಲೂ ದಡಕ್ಕೆ ತಂದು ಹಾಕ್ತೀನಿ! ಬಿಡು ಮಾರಾಯಾ, ಮನೆ ಬಿಡು!"

ಕಿಟಕಿಯಲ್ಲಿ ಪಾಸ್ಯಾ ಸಂತ ಯೋಸೇಫನನ್ನು ಎದೆಗವಚಿಕೊಂಡು ಕಪಿತಾನನ ತಲೆಯನ್ನೇ ನೋಡುತ್ತ ನಿಂತಿದ್ದಳು. ಎಷ್ಟೋ ಹೊತ್ತು ಏನೂ ಹೇಳಲಿಲ್ಲ. ಗಂಡ ಎಷ್ಟು ಸಲ ಆ ಮನುಷ್ಯನ ಬಾಗಿಲಿಗೆ ಹೋಗಿ ಬರಿಗೈಯಲ್ಲಿ ಬಂದಿದ್ದನೋ, ಅಷ್ಟೂ ಸಲದ ಮೌನ ಅದು. ಆಮೇಲೆ ಗಟ್ಟಿಯಾಗಿ ಕೆಮ್ಮಿದಳು.

ಪ್ಲಾಸಿಡೋ ಮಚ್ಚು ಬೀಸಿದ. ಹಗ್ಗಕ್ಕೆ ಏನೂ ಆಗಲಿಲ್ಲ. ಮತ್ತೆ ಕೆಮ್ಮು. ಮತ್ತೆ ಬೀಸಿದ. ಹೊರಗೆ ಗಂಡಸರು, ಇದು ಕೊನೆಯ ಸಲ ಎಂದು ಇಡೀ ಜೀವಮಾನದ ಬಲವನ್ನೆಲ್ಲ ಹೆಗಲಿಗೆ ತಂದುಕೊಂಡು ಎತ್ತುತ್ತಿದ್ದರು. ಒಳಗೆ ಪಾಸ್ಯಾ ಕ್ಷಯದವಳಂತೆ ಕೆಮ್ಮುತ್ತಿದ್ದಳು. ಹೇಂಟೆ ಹುಯಿಲಿಡುತ್ತಿತ್ತು. ಕೊನೆಯ ಎಳೆ ಫಟ್ಟೆಂದು ಹರಿಯಿತು.

ಮನೆ ಎದ್ದಿತು ಎಂದರೆ ಸಾಲದು, ಹಾರಿತು. ಬೆಟ್ಟ ಎತ್ತಲು ಕೂಡಿಸಿದ್ದ ಬಲ ಬಿದಿರುಮನೆಗೆ ಸಿಕ್ಕಿತ್ತು. ಗಂಡಸರು ಮುಗ್ಗರಿಸಿ, ನಿಲ್ಲಲಾಗದೆ, ಅದೇ ಓಟದಲ್ಲಿ ಮನೆಯನ್ನು ಹೊತ್ತುಕೊಂಡು ದಡ ಹತ್ತಿ ತೆಂಗಿನ ಸಾಲಿನ ನಡುವೆ ಓಡಿದರು. "ಬಿಟ್ಟ! ಬಿಟ್ಟ! ಫಾವುಸ್ತೋ ಬಿಟ್ಟ!" ಎಂದು ಹೆಂಗಸರು ಹಿಂದೆ ಓಡಿದರು. ಕಪಿತಾನ್ ಒಂದೇ ಚಪ್ಪಲಿಯಲ್ಲಿ ಎಲ್ಲರಿಗಿಂತ ಮುಂದೆ ಓಡಿದ.

ಮನೆ ಹೋದ ಜಾಗದಲ್ಲಿ ಬಟಾಬಯಲು. ಅಲ್ಲಿ, ಹಗಲ ಬೆಳಕಿನಲ್ಲಿ, ಎದೆಯವರೆಗೆ ನೀರಿನಲ್ಲಿ, ಒಂದು ಕೈಯಲ್ಲಿ ಮಚ್ಚು, ಇನ್ನೊಂದರಲ್ಲಿ ಕತ್ತರಿಸಿದ ಹಗ್ಗ, ನೀರಿನಿಂದ ಮೇಲೆತ್ತಿದ ಕಾಲ್ಬೆರಳಲ್ಲಿ ಏಡಿ ಹಿಡಿದುಕೊಂಡು ಪ್ಲಾಸಿಡೋ ಕೂತಿದ್ದ.

ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಲೂಮಿಂಗ್ ಒಬ್ಬಳು ಬಿಸಾಡಿದ ಸೌಟು ಹುಡುಕುತ್ತ ಹಿಂದೆ ಉಳಿದಿದ್ದಳು. ಆಕೆ ಮಚ್ಚು ನೋಡಿದಳು. ಹಗ್ಗ ನೋಡಿದಳು. ಮೋಟುಕಂಬ ನೋಡಿದಳು. ಗಂಡನ ಮುಖ ನೋಡಿದಳು. ನೀರಿಗಿಳಿದು ಬಂದು ಹಗ್ಗದ ತುಂಡನ್ನು ಬಿಡಿಸಿಕೊಂಡು ಸುತ್ತಿ ಸೆರಗಿನಂತೆ ಹೆಗಲಿಗೆ ಹಾಕಿಕೊಂಡಳು.

"ಎದ್ದು ಬಾ, ಶೀತ ಆಗುತ್ತೆ," ಎಂದಳು. ಸ್ವಲ್ಪ ದೂರ ಹೋಗಿ, ತಿರುಗದೆ, "ಏಡೀನೂ ತಗೊಂಡು ಬಾ," ಎಂದಳು.

ಬಿರುಗಾಳಿ ಬಂತು, ಮೋಟುಕಂಬವನ್ನೂ ಬಿಡದೆ ಕಿತ್ತುಕೊಂಡು ಹೋಯಿತು. ಪಾಸ್ಯಾ ಮಗಳ ಹಿತ್ತಿಲಲ್ಲಿ, ಹೊಸ ಚಾಪೆಯ ಮೇಲೆ, ಬಿಳಿ ಹುಂಜದ ಪಕ್ಕ ಗೊರಕೆ ಹೊಡೆದಳು. ಬಿದಿರಿನ ಕಟ್ಟುಗಳನ್ನು ಬಿಚ್ಚಲು ಊರಿನ ಯಾರಿಂದಲೂ ಆಗಲಿಲ್ಲ. ಮನೆ ಇಂದಿಗೂ ನಾಲ್ಕೂ ಕಡೆ ಬಿದಿರು ಚಾಚಿಕೊಂಡು ಮುಳ್ಳುಹಂದಿಯಂತೆ ನಿಂತಿದೆ. ಒಂದು ಬದಿಯಲ್ಲಿ ಬಟ್ಟೆ ಒಣಗುತ್ತದೆ, ಇನ್ನೊಂದು ಬದಿಯಲ್ಲಿ ಮೀನು. ಕಪಿತಾನನ ಹಂದಿಗಳು ಮತ್ತೆ ಕೆಸರಿಗೆ ಇಳಿದವು. ದಡದಲ್ಲಿ ಮೊಣಕಾಲೆತ್ತರದ ಗೋಡೆ ಎದ್ದಿತು. ಬಿಸಿಲೇರಿದ ದಿನ ಅದರಿಂದ ಹಂದಿಯ ವಾಸನೆ ಬರುತ್ತದೆ, ಆದರೆ ಸಮುದ್ರ ತಡೆಯುತ್ತದೆ. ಸತ್ತವನ ಕೈಯಿಂದ ಮನೆ ಬಿಡಿಸಿಕೊಂಡವನು ಎಂದು ಪ್ಲಾಸಿಡೋನ ಕೀರ್ತಿ ಪಕ್ಕದ ದ್ವೀಪದವರೆಗೂ ಹಬ್ಬಿತು. ಕ್ರಿಸ್ಪುಲೋನೇ ಈ ಕಥೆಯನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಾನೆ, ಹುಂಜದ ಭಾಗ ಬಿಟ್ಟು.

ಹಗ್ಗದ ತುಂಡೂ ವ್ಯರ್ಥವಾಗಲಿಲ್ಲ. ಅದರ ಒಂದು ತುದಿಯನ್ನು ಪಾಸ್ಯಾ ತನ್ನ ಕಿಟಕಿಗೆ ಕಟ್ಟಿಕೊಂಡಳು. ಇನ್ನೊಂದು ತುದಿಯನ್ನು ಮಗಳು ತನ್ನ ಮನೆಯ ಜಗುಲಿಗೆ ತಂದು, ಅದಕ್ಕೊಂದು ತಗಡಿನ ಡಬ್ಬಿ ನೇತುಹಾಕಿದಳು. ಒಳಗೆ ನಾಲ್ಕು ಕಪ್ಪೆಚಿಪ್ಪು. ಮುದುಕಿಗೆ ಏನಾದರೂ ಬೇಕಾದರೆ ಎದ್ದು ಬರಬೇಕಿಲ್ಲ, ಜಗ್ಗಿದರೆ ಸಾಕು.

ಒಂದು ಮಧ್ಯಾಹ್ನ ಪಕ್ಕದ ದ್ವೀಪದಿಂದ ದೊಡ್ಡವರು ನಾಲ್ವರು ದೋಣಿಯಲ್ಲಿ ಬಂದರು. ತಮ್ಮ ಊರಿನ ಪ್ರಾರ್ಥನಾಮಂದಿರವನ್ನು ಗುಡ್ಡದ ಮೇಲಕ್ಕೆ ಹೊರಬೇಕು, ಕಟ್ಟಲು ನೀವೇ ಬರಬೇಕು ಎಂದು ಟೋಪಿ ತೆಗೆದು ಕೇಳಿಕೊಂಡರು. ಪ್ಲಾಸಿಡೋ ಜಗುಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿದ. ದೂರಕ್ಕೆ ನೋಡಿದ.

"ನೋಡಿ ಯಜಮಾನ್ರೇ," ಎಂದ, "ಕಟ್ಟೋದು ಬೇರೆ. ಲ್ಯಾಶಿಂಗ್ ಅಂದ್ರೆ..."

ತಗಡಿನ ಡಬ್ಬಿ ಗಲಗಲ ಎಂದಿತು.

ಪ್ಲಾಸಿಡೋ ಕಾಲು ಕೆಳಗಿಳಿಸಿದ. ಅತಿಥಿಗಳು ಕಾದರು. ಡಬ್ಬಿ ಮತ್ತೊಮ್ಮೆ, ಈ ಸಲ ಸ್ವಲ್ಪ ಉದ್ದವಾಗಿ, ಗಲಗಲಿಸಿತು.

"ಲ್ಯಾಶಿಂಗ್ ಅಂದ್ರೆ?" ಎಂದರು ಅವರಲ್ಲಿ ಹಿರಿಯರು, ಮುಂದೆ ಬಾಗಿ.

"ಒಂದು ನಿಮಿಷ ಕೂತಿರಿ," ಎಂದು ಪ್ಲಾಸಿಡೋ ಎದ್ದ. "ಅತ್ತೆಗೆ ಈರುಳ್ಳಿ ಸುಲಿದುಕೊಟ್ಟು ಬರ್ತೀನಿ."